ಹೆರಾಲ್ಡ್ ಬಿಚ್ಚುವ ಕ್ರಮ

ಮೊದಲು ಕಾರು ಕೊಳ್ಳಿ. ನೋಡಲು ಹಗಲು ಹೊತ್ತು ಹೋಗಬೇಡಿ. ಹಗಲಲ್ಲಿ ನೋಡಿದವರು ಯಾರೂ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕೊಂಡಿದ್ದಿಲ್ಲ. ಸಂಜೆ ಏಳರ ಮೇಲೆ, ಕರೆಂಟು ಹೋದ ಸಮಯ ನೋಡಿಕೊಂಡು, ಮೊಬೈಲಿನ ಬೆಳಕಲ್ಲಿ ಬಾನೆಟ್ಟಿನ ಮೇಲೆ ಕೈಯಾಡಿಸಿ ಒಪ್ಪಿಕೊಳ್ಳಿ. ಮಾರುವವರು "ರನ್ನಿಂಗ್ ಕಂಡೀಷನ್ನೇ ಸಾರ್, ಬ್ಯಾಟರಿ ಒಂದು ಹಾಕಿದ್ರೆ ಆಯ್ತು" ಅನ್ನುತ್ತಾರೆ. ನಂಬಿ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದ್ದರೆ ಗಾಬರಿ ಬೇಡ. ಒಳಗೆ ಹಾವಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಸಿಗದು.

ಹೆರಾಲ್ಡೇ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಟಾಪು ಇಳಿಸಿ ಓಡಿಸುವ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ಹುಟ್ಟಿದ್ದೇ ಅಪರೂಪ. 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಎಂಬುದೊಂದು ಬಂತು. ಎರಡೇ ಸೀಟು, ರೆನೋ ಎಂಜಿನ್ನು. ಆದರೆ ಅದರ ಮೈ ಫೈಬರ್ ಗ್ಲಾಸಿನದು. ತುಕ್ಕೇ ಹಿಡಿಯದ ಕಾರಿನಿಂದ ಮನುಷ್ಯ ಕಲಿಯುವುದೇನಿದೆ? ಬಿಟ್ಟುಬಿಡಿ. ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಲ್ಲಿ ಹೊರಬಂತು, 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ಇಲ್ಲಿ ತಯಾರಿಸಿತು. ರೂಪ ಬರೆದವನು ಟ್ಯೂರಿನ್ನಿನ ಜೊವಾನಿ ಮಿಕೆಲೊಟ್ಟಿ. ಬಾಡಿಯೇ ಚಾಸಿಯ ಕೆಲಸವನ್ನೂ ಮಾಡುವ ಕಾರುಗಳು ಬರತೊಡಗಿದ್ದ ಕಾಲದಲ್ಲಿ ಇದು ಹಳೆಯ ಪದ್ಧತಿಗೆ ಅಂಟಿಕೊಂಡು, ಬೇರೆಯದೇ ಚಾಸಿಯ ಮೇಲೆ ತುಂಡು ತುಂಡಾಗಿ ಬೋಲ್ಟು ಬಿಗಿದ ಮೈಯೊಂದಿಗೆ ಬಂತು. ಅಂದರೆ ಬಿಚ್ಚಿದಷ್ಟೂ ಬಿಚ್ಚಬಹುದು. ಇದೇ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಹೀಗಾಗಿ ಟಾಪು ತೆಗೆದ ಹೆರಾಲ್ಡನ್ನು ಸ್ಪೋರ್ಟ್ಸ್ ಕಾರು ಎಂದು ಹೇಳಿಕೊಂಡರೆ ಅದರಲ್ಲಿ ಸುಳ್ಳು ಅರ್ಧ ಮಾತ್ರ. ಎಂಜಿನ್ 948 ಸಿಸಿ, ಶಕ್ತಿ ನಲವತ್ತು ಕುದುರೆಗೂ ಕಮ್ಮಿ. ಇದನ್ನು ಯಾರ ಮುಂದೆಯೂ ಹೇಳಬೇಡಿ.

ಗುರಿಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ: ಮುಡುಕುತೊರೆ ಜಾತ್ರೆ. ಕಾವೇರಿ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಬೆಟ್ಟ, ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿ, ಕೆಳಗೆ ಬಯಲಲ್ಲಿ ನಮ್ಮ ಸೀಮೆಯ ಹೆಸರುವಾಸಿ ದನಗಳ ಜಾತ್ರೆ. ಬೆಳೆ ಮನೆಗೆ ಬಂದು, ಮದುವೆ ಸೀಸನ್ನು ಶುರುವಾಗುವ ಹೊತ್ತಿಗೆ ಅದು ನೆರೆಯುತ್ತದೆ; ನೋಡುವವರಿಗೆ ಕಮ್ಮಿಯಿಲ್ಲ. ನಂಜನಗೂಡಿನಿಂದ ಹೊರಟು, ತಿ. ನರಸೀಪುರ ದಾಟಿ, ಟಾಪು ಇಳಿಸಿದ ಕೆಂಪು ಕಾರಿನಲ್ಲಿ ಬೆಟ್ಟದ ಬುಡಕ್ಕೆ ಬಂದು ಇಳಿಯುವುದು ನಿಮ್ಮ ಯೋಜನೆ. "ಈ ಜಾತ್ರೆಗೆ ರೆಡಿ" ಎಂದು ಬಂಧುಬಳಗಕ್ಕೆಲ್ಲ ಸಾರಿ. ಯಾವ ವರ್ಷದ ಜಾತ್ರೆ ಎಂದು ಮಾತ್ರ ಹೇಳಬೇಡಿ. 

ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರು ಮಾಡಿರುವ ಪಯಣ ಎಂಬ ಹಳೆಯ ಕಾರುಗಳ ವಸ್ತುಸಂಗ್ರಹಾಲಯವಿದೆ. ಕೆಲಸ ಶುರು ಮಾಡುವ ಮುನ್ನ ಅತ್ತ ಹೋಗಬೇಡಿ. ಸರಿಯಾಗಿ ರಿಪೇರಿಯಾದ ಕಾರು ಹೇಗಿರುತ್ತದೆ ಎಂದು ಒಮ್ಮೆ ಕಣ್ಣಿಗೆ ಬಿದ್ದರೆ ಕೈ ನಡುಗುತ್ತದೆ.

ಈಗ ಸಾಮಾನು. ಮನೆಯಲ್ಲಿರುವ ಪಾನಾ ಸೆಟ್ಟೇ ಸಾಕು. ಹೆರಾಲ್ಡಿನ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು, ನಿಮ್ಮ ಪಾನಾಗಳು ಮಿಲಿಮೀಟರಿನವು. ಇಂಚಿನ ಸೆಟ್ಟು ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸಿಗುತ್ತದೆ, ಆದ್ದರಿಂದ ಹೋಗಬೇಡಿ. ಅರ್ಧ ಇಂಚು ಅಂದರೆ 12.7 ಮಿಲಿಮೀಟರು. 13ರ ಪಾನಾ ಅದರ ಮೇಲೆ ಸುಖವಾಗಿ ಕೂರುತ್ತದೆ, ಸುಖವಾಗಿಯೇ ಜಾರುತ್ತದೆ. ಬೋಲ್ಟಿನ ತಲೆಯ ಆರು ಮೂಲೆಗಳು ಸವೆದು ಗುಂಡಗಾಗುವ ತನಕ ಹಾಕಿ ತಿರುಗಿಸಿ. ಗುಂಡಗಾದ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿಯಿರಿ. ಬೇರೆ ಬೇರೆ ಪೊಟ್ಟಣ ಕಟ್ಟಿ ಚೀಟಿ ಬರೆಯುವುದು ತನ್ನ ನೆನಪಿನ ಮೇಲೆ ತನಗೇ ನಂಬಿಕೆಯಿಲ್ಲದವರ ಲಕ್ಷಣ. ವಾಪಸ್ಸು ಜೋಡಿಸಿದ ಮೇಲೆ ಡಬ್ಬದಲ್ಲಿ ಒಂದು ಹಿಡಿ ಉಳಿಯುತ್ತದೆ. ಕಂಪನಿಯವರು ಹೆಚ್ಚಿಗೆ ಹಾಕಿದ್ದರು ಅಂದುಕೊಳ್ಳಿ.

ಟಾಪಿಗೆ ಬನ್ನಿ. ಎರಡು ಬಾಗಿಲಿನ ಹೆರಾಲ್ಡಿನ ತಗಡಿನ ಟಾಪನ್ನು ಬೋಲ್ಟಿನಲ್ಲಿ ಕೂರಿಸಿರುತ್ತಾರೆ. ಒಳಗಿನ ಬಟ್ಟೆ ಹರಿದರೆ ಬೋಲ್ಟು ಕಾಣುತ್ತವೆ, ಬೋಲ್ಟು ಬಿಚ್ಚಿದರೆ ಟಾಪು ಏಳುತ್ತದೆ. ಇಂಗ್ಲಿಷರು ಇದನ್ನು ಬೇಸಿಗೆಯ ಒಂದು ಮಧ್ಯಾಹ್ನದ ಕೆಲಸವೆಂದು ಎಣಿಸಿದ್ದರು. ನೀವು ಇದಕ್ಕೆ ಓಣಿಯ ಹುಡುಗರನ್ನೆಲ್ಲ ಕರೆಯಿರಿ, ನಾಲ್ಕು ಮೂಲೆಗೂ ಒಬ್ಬೊಬ್ಬರನ್ನು ನಿಲ್ಲಿಸಿ, ಐದನೆಯವನು "ಎತ್ತು" ಎನ್ನಲಿ. ಮುಂದಿನ ಗಾಜಿನ ಮೇಲೆ ಯಾರು ಕೈ ಊರುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸುವ ಅಗತ್ಯವಿಲ್ಲ, ಯಾರಾದರೂ ಊರುತ್ತಾರೆ. ಆ ಗಾಜು ಈಗ ಎಲ್ಲಿಯೂ ತಯಾರಾಗುವುದಿಲ್ಲವೆಂದೇ ಇಟ್ಟುಕೊಂಡು, ಒಡೆದ ಮೇಲೆ ಅಕ್ರಿಲಿಕ್ ಶೀಟು ಹಾಕಿಸಿ. ಒಂದು ಸಾರಿ ವೈಪರ್ ಆಡಿಸಿದರೆ ಸಾಕು, ಎದುರಿಗೆ ಬರುವ ಲಾರಿಯ ಲೈಟು ಇಡೀ ಗಾಜಿನ ತುಂಬ ಹರಡಿಕೊಂಡು ದೀಪಾವಳಿಯಾಗುತ್ತದೆ.

ಹೆರಾಲ್ಡ್ ಸಿಗಲಿಲ್ಲ, ಪ್ರೀಮಿಯರ್ ಪದ್ಮಿನಿ ಸಿಕ್ಕಿತು ಎನ್ನುವವರೂ ನಿರಾಶರಾಗಬೇಡಿ. ಗ್ಯಾಸ್ ಕಟ್ಟಿಂಗ್‌ನವರನ್ನು ಕರೆಸಿ ಟಾಪು ಕುಯ್ಯಿಸಿ. ಪದ್ಮಿನಿಗೆ ಬೇರೆ ಚಾಸಿ ಇಲ್ಲ. ಟಾಪು, ಕಂಬ, ನೆಲ ಒಂದನ್ನೊಂದು ಹಿಡಿದುಕೊಂಡಿರುವುದರಿಂದಲೇ ಅದು ಕಾರು. ಮೇಲಿನದು ಹೋದ ಮೇಲೆ ನಡು ಬಾಗತೊಡಗುತ್ತದೆ. ರೋಡ್ ಹಂಪಿನ ಮೇಲೆ ಹತ್ತುವಾಗ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಇಳಿಯುವಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ದುಬಾರಿ ಕಾರುಗಳಲ್ಲಿ ಈ ಸೌಕರ್ಯಕ್ಕೆ ಮೋಟಾರು ಬೇಕು. ತಯಾರಿಸಿದ ಕಂಪನಿಯ ನಮೂನೆಗೆ ವಿರುದ್ಧವಾಗಿ ಗಾಡಿ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, ಸುಪ್ರೀಂ ಕೋರ್ಟು 2019ರಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. ನೀವು ಮಾತ್ರ "ಕಂಪನಿಯಿಂದಲೇ ಹಿಂಗೆ ಬಂದಿತ್ತು" ಎಂದು ಹೇಳಲು ಕನ್ನಡಿಯ ಮುಂದೆ ಅಭ್ಯಾಸ ಮಾಡಿ.

ಬಟ್ಟೆಯ ಹುಡ್ಡಿಗೆ ಆಟೋ ಟಾಪು ಹೊಲಿಯುವವರ ಹತ್ತಿರ ಹೋಗಿ. ಅವರ ಕೈ ಒಳ್ಳೆಯ ಕೈ. ಅಳತೆ ಕೊಡುವವರು ನೀವಾದ್ದರಿಂದ ಕೆಡುವ ಅವಕಾಶ ಇದ್ದೇ ಇದೆ. ಕಾರನ್ನು ಅಂಗಡಿಗೆ ಒಯ್ಯಬೇಡಿ. ನೂಲಿನಲ್ಲಿ ಅಳೆದು, ನೂಲಿಗೆ ಗಂಟು ಹಾಕಿಕೊಂಡು ಹೋಗಿ, ಬಸ್ಸಿನಲ್ಲಿ ಒಂದು ಗಂಟು ಬಿಚ್ಚಿಕೊಳ್ಳಲಿ. ತೀರಾ ಬಿಗಿಯಾಗಿ ಹೊಲಿದ ರೆಕ್ಸಿನ್ನು ಚೌಕಟ್ಟಿಗೆ ಬರುವುದಿಲ್ಲ, ಸಡಿಲವಾಗಿ ಹೊಲಿದದ್ದು ನಡುವೆ ಜೋಲುತ್ತದೆ. ಜೋಲುವುದನ್ನೇ ಆರಿಸಿಕೊಳ್ಳಿ. ಮಳೆ ಬಂದಾಗ ಅಲ್ಲಿ ಒಂದು ಬಿಂದಿಗೆ ನೀರು ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದಾಗ ಆ ನೀರು ಮುಂದಕ್ಕೆ ಬಂದು, ಹೊಲಿಗೆಯ ತೂತುಗಳ ಮೂಲಕ, ನಿಮ್ಮ ಮಡಿಲಿಗೇ ಇಳಿಯುತ್ತದೆ. ಕಾರಿನೊಳಗೆ ಕೊಡೆ ಹಿಡಿದುಕೊಂಡು ಓಡಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಸ್ಟೇರಿಂಗು. ಗೇರು ಬದಲಿಸುವಾಗ ಪಕ್ಕದವರಿಗೆ ಹೇಳಿ.

ತುಕ್ಕಿನ ವಿಷಯದಲ್ಲಿ ಅವಸರಪಡಬೇಡಿ, ಅದು ತನ್ನ ಕೆಲಸವನ್ನು ತಾನು ಮಾಡಿಕೊಳ್ಳುತ್ತಿರುತ್ತದೆ. ಹೆರಾಲ್ಡಿನಲ್ಲಿ ಅದು ಮೊದಲು ತಿನ್ನುವುದು ಚಾಸಿಯಿಂದ ಪಕ್ಕಕ್ಕೆ ಚಾಚಿಕೊಂಡು ಬಾಡಿಯನ್ನು ಹೊರುವ ಕೈಗಳನ್ನು. ಅವು ಕಾಣುವುದಿಲ್ಲ, ಆದ್ದರಿಂದ ಬಗ್ಗಿ ನೋಡಬೇಡಿ. ಮೇಲೆ ಕಾಣುವ ತೂತಿಗೆ ಮಾತ್ರ ಚಿಕಿತ್ಸೆ ಮಾಡಿ. ಬಲ್ಲವರು ತುಕ್ಕನ್ನು ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ ವೆಲ್ಡ್ ಮಾಡಿ, ಪ್ರೈಮರ್ ಬಳಿಯುತ್ತಾರೆ. ನೀವು ದಿನಪತ್ರಿಕೆ ತುರುಕಿ. ಭಾನುವಾರದ ಪುರವಣಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಅದರಲ್ಲಿ ಇಂಥ ಪ್ರಬಂಧಗಳಿದ್ದರೆ ಇನ್ನೂ ಗಟ್ಟಿ. ಅದರ ಮೇಲೆ ಎಂ-ಸೀಲ್, ಎಂ-ಸೀಲಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಮರಳು ಕಾಗದ, ಕೊನೆಗೆ ಸ್ಪ್ರೇ ಬಾಟಲಿಯ ಕೆಂಪು. ಪುಟ್ಟಿ ನೀರು ಕುಡಿಯುತ್ತದೆ. ಒಳಗಿನ ಪೇಪರು ಅದಕ್ಕಿಂತ ಹೆಚ್ಚು ಕುಡಿಯುತ್ತದೆ. ಮುಂದಿನ ಮಳೆಗಾಲಕ್ಕೆ ತೂತು ಅಂಗೈ ಅಗಲವಾಗಿ ಮರಳಿ ಬರುತ್ತದೆ, ನಿಮಗೂ ಮಾಡಲು ಕೆಲಸ ಸಿಗುತ್ತದೆ.

ವಿದ್ಯುತ್ತಿನ ಅಧ್ಯಾಯವನ್ನು ಬರಿಗಾಲಲ್ಲಿ ಓದಬೇಡಿ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ ಜೋಡಿಸುವ ಪದ್ಧತಿಯಿತ್ತು. ಇವತ್ತಿನ ಕಾರುಗಳಲ್ಲಿ ನೆಗೆಟಿವ್ ಜೋಡಿಸುತ್ತಾರೆ. ನಿಮ್ಮದರಲ್ಲಿ ಯಾವುದು ಎಂದು ತಿಳಿಯಲು ವಯರಿನ ಜಾಡು ಹಿಡಿದು ನೋಡಿದರೆ ಸಾಕು, ಆದರೆ ನೋಡಬೇಡಿ. ಹೊಸ ಮ್ಯೂಸಿಕ್ ಸಿಸ್ಟಮ್ಮು, ಮೊಬೈಲ್ ಚಾರ್ಜರು, ನೀಲಿ ಎಲ್ಇಡಿ ಪಟ್ಟಿ ಇವಿಷ್ಟನ್ನೂ ಜೋಡಿಸಿ ಆಮೇಲೆ ತಿಳಿದುಕೊಳ್ಳಿ. ಮೊದಲು ವಾಸನೆ ಬರುತ್ತದೆ, ಹೊಗೆ ಹಿಂದಿನಿಂದ ಬರುತ್ತದೆ. ವಯರಿಂಗಿಗೆ ಮನೆ ಕಟ್ಟಿದಾಗ ಉಳಿದ ಕೆಂಪು ವಯರನ್ನೇ ಎಲ್ಲದಕ್ಕೂ ಬಳಸಿ. ಕಾರ್ಖಾನೆಯವರು ಹಾರನ್ನಿಗೊಂದು ಬಣ್ಣ, ಇಂಡಿಕೇಟರಿಗೊಂದು ಬಣ್ಣ ಇಟ್ಟು ಹಣ ಪೋಲು ಮಾಡಿದ್ದಾರೆ. ಎಲ್ಲವೂ ಕೆಂಪಾದ ಮೇಲೆ ಹಾರನ್ ಒತ್ತಿದರೆ ಎಡಗಡೆಯ ಇಂಡಿಕೇಟರು ಬೆಳಗುತ್ತದೆ. ಎದುರಿನವನಿಗೆ ಹೇಗೂ ಏನೋ ಒಂದು ಸೂಚನೆ ಸಿಕ್ಕಿತಲ್ಲ.

ಪಾಯಿಂಟ್ ಗ್ಯಾಪು ಇಂಚಿನ ಸಾವಿರದಲ್ಲಿ ಹದಿನೈದು ಪಾಲು ಇರಬೇಕು. ಇದಕ್ಕೆ ಫೀಲರ್ ಗೇಜು ಎಂಬ ಸಲಕರಣೆಯಿದೆ, ಅಗ್ಗದ್ದೇ. ಅದರ ಬದಲು ಲಗ್ನಪತ್ರಿಕೆ ಬಳಸಿ. ನಂಜನಗೂಡಿನ ಕಡೆಯ ಲಗ್ನಪತ್ರಿಕೆಯಾದರೆ ಒಂದು ಪದರ, ಮೈಸೂರಿನ ದೊಡ್ಡ ಛತ್ರದ್ದಾದರೆ ದಪ್ಪ ಜಾಸ್ತಿ, ಗ್ಯಾಪೂ ಜಾಸ್ತಿ, ಎಂಜಿನ್ನಿಗೆ ಆ ಮದುವೆಯ ಖರ್ಚಿನಷ್ಟೇ ಭಾರ. ಪ್ಲಗ್ ವಯರು ನಾಲ್ಕನ್ನೂ ಗುರುತು ಮಾಡದೆ ಒಟ್ಟಿಗೆ ಕೀಳಿ. ಉರಿಯುವ ಕ್ರಮ 1-3-4-2. ನಾಲ್ಕು ವಯರನ್ನು ನಾಲ್ಕು ಕಡೆ ಸಿಕ್ಕಿಸಲು 24 ದಾರಿಗಳಿವೆ, ಸರಿಯಾದದ್ದು ಅದರಲ್ಲಿ ಒಂದೇ. ಒಂದೊಂದಾಗಿ ಪ್ರಯತ್ನಿಸುತ್ತಾ ಹೋದರೆ ಭಾನುವಾರ ಕಳೆದದ್ದೇ ತಿಳಿಯುವುದಿಲ್ಲ. ನಡುವೆ ಸೈಲೆನ್ಸರಿನಿಂದ ಢಂ ಎಂದು ಶಬ್ದ ಬಂದರೆ ಪಕ್ಕದ ಮನೆಯವರಿಗೆ "ಟ್ಯೂನಿಂಗ್ ನಡೀತಾ ಇದೆ" ಅನ್ನಿ.

ಮೈಸೂರು ಸೀಮೆಯವರಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. ಹೆರಾಲ್ಡ್ ಮದ್ರಾಸಿನಲ್ಲಿ ಶುರುವಾದ 1961ರಲ್ಲೇ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯೂ ಶುರುವಾಯಿತು. 1996ರಲ್ಲಿ ಬಾಗಿಲು ಮುಚ್ಚುವ ತನಕ ಅದು ಜಾವಾ, ಯೆಜ್ಡಿಗಳನ್ನು ಹೊರಗೆ ಬಿಟ್ಟಿತು. ಹೀಗಾಗಿ ನಮ್ಮ ಕಡೆ ಪ್ರತಿ ಬೀದಿಯಲ್ಲೂ ಯೆಜ್ಡಿ ಬಿಚ್ಚಿ ಕಟ್ಟಿದ ಒಬ್ಬರಾದರೂ ದೊಡ್ಡವರಿರುತ್ತಾರೆ. ಅವರನ್ನು ಕರೆಸಿ, ಕುರ್ಚಿ ಹಾಕಿ, ಕಾಫಿ ಕೊಟ್ಟು ಸಲಹೆ ಕೇಳಿ. "ಪೆಟ್ರೋಲಿಗೆ ಆಯಿಲ್ ಮಿಕ್ಸ್ ಮಾಡಿದೀಯೇನಪ್ಪ?" ಎಂದು ಅವರು ಮೊದಲು ಕೇಳುತ್ತಾರೆ. ಯೆಜ್ಡಿ ಟೂ ಸ್ಟ್ರೋಕು, ಅದಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಬೇಕು; ಹೆರಾಲ್ಡ್ ಫೋರ್ ಸ್ಟ್ರೋಕು, ಅದರ ಆಯಿಲ್ಲು ಕೆಳಗೆ ಸಂಪಿನಲ್ಲಿ ಬೇರೆಯೇ ಇರುತ್ತದೆ. ಹಿರಿಯರ ಮಾತು ಮೀರಬೇಡಿ, ಮಿಕ್ಸ್ ಮಾಡಿ. ಪ್ಲಗ್ಗುಗಳು ಕಪ್ಪಾಗಿ ಜಿಡ್ಡು ಕಟ್ಟುತ್ತವೆ, ಹಿಂದೆ ಬರುವ ಬೈಕಿನವರು ಕಾಣದಾಗುತ್ತಾರೆ. ಅದೇ ಹೊಗೆಯಲ್ಲಿ ದೊಡ್ಡವರಿಗೆ ತಮ್ಮ ಹರೆಯ ನೆನಪಾಗಿ, ಇನ್ನೊಂದು ಕಾಫಿ ಕೇಳುತ್ತಾರೆ.

ಆಯಿಲ್ ಬೆರೆಸುವುದು ನಿಮ್ಮ ಕೈಯ ಕೆಲಸ, ಎಥನಾಲ್ ಬೆರೆಸುವುದು ಸರ್ಕಾರದ್ದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹೆರಾಲ್ಡ್ ಇಂಥ ಪೆಟ್ರೋಲಿಗೆಂದು ಹುಟ್ಟಿದ್ದಲ್ಲ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನೊಳಗಿನ ಪದರ, ಕಾರ್ಬುರೇಟರಿನ ವಾಷರು ಇವನ್ನು ಎಥನಾಲ್ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ನಿಂತ ಕಾರಿನಲ್ಲಿ ಗಾಳಿಯ ತೇವವನ್ನೂ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ನೀರು ಕೂರಿಸುತ್ತದೆ. ಎಥನಾಲ್ ತಾಳುವ ಪೈಪು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕೊಳ್ಳಬೇಡಿ. ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ಕಬ್ಬು ನಮ್ಮ ಕಪಿಲೆ, ಕಾವೇರಿ ನಾಲೆಗಳ ಬಯಲಲ್ಲೇ ಬೆಳೆಯುತ್ತದೆ. ನಮ್ಮ ರೈತರ ಬೆಳೆ ನಮ್ಮ ಕಾರನ್ನು ತಿಂದರೆ ಹಣ ಊರಲ್ಲೇ ಉಳಿಯಿತು ಎಂದು ಸಮಾಧಾನ ಮಾಡಿಕೊಳ್ಳಿ. ಪೈಪು ಸೋರುವ ಜಾಗದ ಕೆಳಗೆ ಒಂದು ಲೋಟ ಕಟ್ಟಿ. ಅದರ ಪಕ್ಕದಲ್ಲೇ ಡೈನಮೋ ಕಿಡಿ ಹಾರಿಸುತ್ತಿದ್ದರೆ ನಿಮ್ಮ ಇನ್ಶೂರೆನ್ಸು ಯಾವ ತಿಂಗಳವರೆಗೆ ಇದೆ ಎಂದು ಒಮ್ಮೆ ನೋಡಿಡಿ.

ಮುಂದಿನ ಚಕ್ರಗಳ ಹತ್ತಿರ ಬಂದಾಗ ಗಮನವಿಟ್ಟು ಓದಿ, ಇಲ್ಲಿ ಎಡವಿದರೆ ಕಾರು ಚೆನ್ನಾಗಿ ಓಡಿಬಿಡುವ ಅಪಾಯವಿದೆ. ಹೆರಾಲ್ಡಿನ ಮುಂದಿನ ಚಕ್ರ ತಿರುಗುವ ಕಂಬದ ಕೆಳತುದಿ ಒಂದು ಕಂಚಿನ ತುಂಡಿನೊಳಗೆ ತಿರುಪಿನಂತೆ ಇಳಿದಿರುತ್ತದೆ. ಟ್ರನಿಯನ್ ಎಂದು ಅದಕ್ಕೆ ಹೆಸರು. ಅದಕ್ಕೆ ಹಾಕಬೇಕಾದದ್ದು ಇಪಿ 90 ಗೇರ್ ಆಯಿಲ್, ಗ್ರೀಸಲ್ಲ. ನೀವು ಗ್ರೀಸು ತುಂಬಿ. ಗ್ರೀಸು ಒಳಗೆ ಗಟ್ಟಿಯಾಗಿ ಕೂತು ದಾರಿ ಮುಚ್ಚುತ್ತದೆ, ತಿರುಪು ಒಣಗುತ್ತದೆ, ನೀರು ಸೇರಿ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲವೂ ಜಿಡ್ಡು ಜಿಡ್ಡಾಗಿ ಆರೋಗ್ಯವಾಗಿ ಕಾಣುತ್ತದೆ. ಒಂದು ದಿನ, ಹೆಚ್ಚಾಗಿ ಸ್ಟೇರಿಂಗನ್ನು ಪೂರಾ ತಿರುಗಿಸಿದಾಗ, ಕಂಬ ಮುರಿದು ಚಕ್ರ ಅಡ್ಡ ಮಲಗುತ್ತದೆ. ಈ ಕಾರು 25 ಅಡಿ ಅಗಲದ ಜಾಗದಲ್ಲಿ ಪೂರ್ತಿ ಸುತ್ತು ಹಾಕಬಲ್ಲದು, ಅದರ ಕಾಲದಲ್ಲಿ ಅದೇ ಅದರ ದೊಡ್ಡ ಹೆಮ್ಮೆ. ಆದ್ದರಿಂದ ನೋಡಲು ಬಂದ ಪ್ರತಿಯೊಬ್ಬರಿಗೂ ಪೂರಾ ತಿರುಗಿಸಿ ತೋರಿಸಿ.

ಹಿಂದಿನ ಚಕ್ರಗಳಿಗೆ ಅಡ್ಡಲಾಗಿ ಒಂದೇ ಬ್ಲೇಡ್ ಕಟ್ಟು ಇರುತ್ತದೆ. ತಿರುವಿನಲ್ಲಿ ವೇಗವಾಗಿ ಹೋಗಿ ತಟ್ಟನೆ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಬಾಲ ಹೊರಕ್ಕೆ ಹಾರುತ್ತದೆ. ಸ್ಪೋರ್ಟ್ಸ್ ಕಾರಿನ ಅನುಭವ ಬೇಕೆಂದವರು ನೀವೇ ತಾನೆ?

ಬ್ರೇಕು. ನಾಲ್ಕೂ ಚಕ್ರಕ್ಕೆ ಡ್ರಮ್ಮು, ಎಲ್ಲಕ್ಕೂ ಸೇರಿ ಒಂದೇ ಸಾಲಿನ ಪೈಪು. ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ, ಪಕ್ಷಪಾತವಿಲ್ಲ. ಬ್ರೇಕ್ ಆಯಿಲ್ ಮುಗಿದಿದ್ದರೆ ಮನೆಯಲ್ಲಿರುವ ಎಂಜಿನ್ ಆಯಿಲನ್ನೇ ಹಾಕಿ. ಎರಡರ ಹೆಸರಲ್ಲೂ ಆಯಿಲ್ ಇದೆ. ಮಾಸ್ಟರ್ ಸಿಲಿಂಡರಿನ ರಬ್ಬರುಗಳು ಅದರಲ್ಲಿ ನೆನೆದು ಊದಿಕೊಳ್ಳುತ್ತವೆ. ಮೊದಲ ದಿನ ಪೆಡಲು ಬಹಳ ಚೆನ್ನಾಗಿ ಸಿಗುತ್ತದೆ, ಎರಡನೆಯ ದಿನ ಒತ್ತಿದ ಬ್ರೇಕು ಬಿಡುವುದೇ ಇಲ್ಲ, ಆಮೇಲೆ ಹಿಡಿಯುವುದೇ ಇಲ್ಲ. ಪೈಪಿನ ಗಾಳಿ ತೆಗೆಯಲು ಭಾವಮೈದನನ್ನು ಸೀಟಿನಲ್ಲಿ ಕೂರಿಸಿ, ನೀವು ಕೆಳಗೆ ಮಲಗಿ. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂದು ಮೊದಲೇ ಮಾತಾಡಿಕೊಳ್ಳಬೇಡಿ.

"ಒತ್ತು!"

"ಒತ್ತೇ ಇದೀನಿ ಭಾವ."

"ನಾನು ಬಿಡು ಅಂದಿದ್ದು."

"ಬಿಡು ಅಂದ್ರೆ ಪೆಡಲ್ಲೋ, ಈ ಕಾರಿನ ಆಸೇನೋ?"

ಇಂಥ ಸಮಯದಲ್ಲಿ ಸಂಬಂಧ ಕೆಡಿಸಿಕೊಳ್ಳಬೇಡಿ, ಕಾರು ತಳ್ಳಲು ಅವರು ಬೇಕಾಗುತ್ತದೆ. ಹ್ಯಾಂಡ್ ಬ್ರೇಕಿಗೆ ತಲೆ ಕೆಡಿಸಿಕೊಳ್ಳದೆ ಒಂದು ದಪ್ಪ ಕಲ್ಲು ಜೊತೆಗಿಟ್ಟುಕೊಳ್ಳಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿ. ಒಳಗೆ ಬಿಳಿಯ ಸುಣ್ಣದ ಪದರ ಕಟ್ಟಿ ಸಣ್ಣ ಸೋರಿಕೆಗಳು ತಾನಾಗಿ ಮುಚ್ಚಿಕೊಳ್ಳುತ್ತವೆ. ನೀರು ಹರಿಯುವ ದಾರಿಗಳೂ ಮುಚ್ಚಿಕೊಳ್ಳುತ್ತವೆ, ಅದು ಬೇರೆ ಮಾತು. ಥರ್ಮೋಸ್ಟಾಟ್ ಕಿತ್ತು ಬಿಸಾಡಿ. ಯಾಕೆ ಎಂದು ಕೇಳಿದರೆ "ನಮ್ಮ ಬಿಸಿಲಿಗೆ ಅದು ಬೇಡ" ಎನ್ನಿ. ಹಾಗೆ ಹೇಳದ ಮೇಸ್ತ್ರಿಯನ್ನು ನಾನಂತೂ ನೋಡಿಲ್ಲ.

ಕಾಗದಪತ್ರದ ಬಗ್ಗೆ ಎರಡು ಸಾಲು. 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿ ತಂದಿತು. ನಂಬರಿನ ನಡುವೆ ವಿಎ ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಗಾಡಿಯ ಚಾಸಿ, ಬಾಡಿ, ಎಂಜಿನ್ನು ಮೂಲ ರೂಪದಲ್ಲೇ ಇರಬೇಕು, ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಮೊದಲನೆಯ ಶರತ್ತು ನಿಮ್ಮಿಂದ ಇನ್ನು ಆಗುವ ಮಾತಲ್ಲ. ಎರಡನೆಯದನ್ನು ಪಾಲಿಸುವುದರಲ್ಲಿ ಈ ಕೈಪಿಡಿಯ ಓದುಗರನ್ನು ಮೀರಿಸಿದವರು ಇಡೀ ರಾಜ್ಯದಲ್ಲಿಲ್ಲ.

ಇಷ್ಟೂ ಆದ ಮೇಲೆ ಕಾರು ಅಕಸ್ಮಾತ್ ಸ್ಟಾರ್ಟ್ ಆದರೆ ಆಫ್ ಮಾಡಬೇಡಿ, ಹಾಗೇ ಹೊರಡಿ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನಿಗೆ ಒಂದು ಕಾಯಿ ಒಡೆಸಿ, ಕೀಲಿ ತಿರುವದೆ ವಾಪಸ್ಸು ಬನ್ನಿ. ಅಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಕಲ್ಲಿನ ಸೇತುವೆ ಕಾಣುತ್ತದೆ. ಎಷ್ಟೋ ಕಾಲದ ಮೇಲೆ ಅದರ ಮೇಲೆ ರೈಲನ್ನೂ ಓಡಿಸಿದರು, ತಡೆದುಕೊಂಡಿತು. ಕಟ್ಟಿದವರು ನಮ್ಮ ಕೈಪಿಡಿ ಓದಿರಲಿಲ್ಲ. ತಿ. ನರಸೀಪುರದಲ್ಲಿ ಸಂಗಮ ನೋಡಲೆಂದು ಇಳಿಯಬೇಡಿ, ಇಳಿದರೆ ಎಂಜಿನ್ನು ನಿಮ್ಮನ್ನು ಕಾಯುವುದಿಲ್ಲ. ಅಲ್ಲಿಂದ ಮುಂದಕ್ಕೆ ಟಾಪು ಪೂರಾ ಇಳಿಸಿ. ಜಾತ್ರೆಗೆ ಹೊರಟ ಗಾಡಿಗಳ ಧೂಳೆಲ್ಲ ನೇರವಾಗಿ ಒಳಗೆ ಬರಲಿ. ಏರ್ ಫಿಲ್ಟರನ್ನು "ಪಿಕಪ್ ಜಾಸ್ತಿ ಆಗುತ್ತೆ" ಎಂದು ನೀವು ಹೋದ ವಾರವೇ ತೆಗೆದಿದ್ದೀರಾದ್ದರಿಂದ ಧೂಳಿಗೆ ಎಂಜಿನ್ನಿನೊಳಗೂ ದಾರಿ ಸಲೀಸು. ತಲಕಾಡು ಪಕ್ಕದಲ್ಲೇ ಇದೆ, ಮರಳಿಗೆ ಬರವಿಲ್ಲ.

ಬೆಟ್ಟ ಕಣ್ಣಿಗೆ ಬಿದ್ದ ಮೇಲೆ ಕಾರು ನಿಲ್ಲುತ್ತದೆ. ಇಂಥದ್ದೇ ಕಾರಣಕ್ಕೆ ಎಂದು ಹೇಳಲಾಗದು, ಮೇಲೆ ಹೇಳಿದ್ದರಲ್ಲಿ ಯಾವುದು ಮೊದಲು ಕೈಕೊಟ್ಟಿತೋ ಅದು. ಹೆರಾಲ್ಡಿನ ಮುಂಭಾಗವಿಡೀ, ಮಡ್‌ಗಾರ್ಡು ಲೈಟುಗಳ ಸಮೇತ, ಮುಂದಕ್ಕೆ ಮಗುಚಿಕೊಳ್ಳುತ್ತದೆ. ಜನ ಸೇರಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಎತ್ತಿ ನಿಲ್ಲಿಸಿ. ದನಗಳ ಜಾತ್ರೆಗೆ ಬಂದವರು ಎತ್ತಿನ ಹಗ್ಗ ಹಿಡಿದುಕೊಂಡೇ ಸುತ್ತ ನಿಲ್ಲುತ್ತಾರೆ. ಬಗ್ಗಿ ನೋಡುತ್ತಾರೆ, ಚಕ್ರಕ್ಕೆ ಒದೆಯುತ್ತಾರೆ. ಒಬ್ಬರು ಕೇಳಿಯೇ ಕೇಳುತ್ತಾರೆ: "ಎಷ್ಟು ಹಲ್ಲಣ್ಣೋ ಇದ್ಕೆ?"

"ಬಾಯ್ಗೂಡ್ಯದೆ" ಎಂದು ಉತ್ತರ ಕೊಡಿ. ಹಲ್ಲು ಪೂರಾ ಬಂದ ಎತ್ತಿಗೆ ಹಾಗೆನ್ನುತ್ತಾರೆ, ಮರ್ಯಾದೆಯ ವಯಸ್ಸು ಅದು. "ಸುಳಿ ಗಿಳಿ ಇಲ್ವ?" ಎಂದರೆ ಪುಟ್ಟಿ ಹಚ್ಚಿದ ಕಡೆಗೆ ಅಡ್ಡ ನಿಂತುಕೊಳ್ಳಿ. "ಹೂಡಿದ್ರೆ ನಡೀತದಾ?" ಎಂಬ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡಬೇಡಿ, ಅವರದ್ದೇ ಹಳ್ಳಿಕಾರ್ ಜೋಡಿಯನ್ನು ಮುಂದಿನ ಬಂಪರಿಗೆ ಕಟ್ಟಿಸಿ, ಭಾವಮೈದನನ್ನು ಸ್ಟೇರಿಂಗಿಗೆ ಕೂರಿಸಿ ನಡೆಸಿ ತೋರಿಸಿ. ಸಲೀಸಾಗಿ ನಡೆಯುತ್ತದೆ. ಈ ಕಾರು ಇಷ್ಟು ನಯವಾಗಿ ಓಡಿದ್ದು ಇದೇ ಮೊದಲು.

ಎತ್ತಿನ ಯಜಮಾನರು ಟವೆಲ್ ಚಾಚಿದರೆ ಹಿಂದೆ ಮುಂದೆ ನೋಡದೆ ಅದರ ಕೆಳಗೆ ಕೈ ಕೊಡಿ. ದನದ ವ್ಯಾಪಾರ ಅಲ್ಲಿ ಬೆರಳಿನಲ್ಲೇ ನಡೆಯುವುದು, ಪಕ್ಕದವರಿಗೂ ರೇಟು ಗೊತ್ತಾಗುವುದಿಲ್ಲ. ನಿಮ್ಮ ಮಟ್ಟಿಗೆ ಅದೇ ಒಳ್ಳೆಯದು. ಎಷ್ಟು ಬೆರಳು ಹಿಡಿದರೂ ಒಪ್ಪಿಕೊಳ್ಳಿ. ಫಾರಂ 29, 30ಕ್ಕೆ ಅಲ್ಲೇ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿ, ಡಬ್ಬದಲ್ಲಿ ಉಳಿದ ನಟ್ಟು ಬೋಲ್ಟುಗಳನ್ನೂ ಮರೆಯದೆ ಕೊಟ್ಟು, ನರಸೀಪುರದ ಬಸ್ಸು ಹತ್ತಿ.